ದಾದಾ ತಾವೇ ಇಳಿಸಿದ ಫ್ಲೆಕ್ಸ್

ನಾನು ನಿಂತಿದ್ದದ್ದು ಸಿಂಧನೂರಿನ ಬಸ್ ನಿಲ್ದಾಣಕ್ಕೆ ಹತ್ತಿರದ ಸರ್ಕಲ್‌ನಲ್ಲಿ, ಔಷಧ ಅಂಗಡಿಯ ಮೇಲಿನ ಮೆಟ್ಟಿಲ ಮೇಲೆ. ಎಡಕ್ಕೆ ಅಂಗಡಿಯ ಕಬ್ಬಿಣದ ಶಟರ್, ಬಲಕ್ಕೆ ಮಿರ್ಚಿ ಭಜಿಯ ಬಂಡಿ. ಎದುರಿಗೆ, ರಸ್ತೆಯ ಆಚೆ ದಂಡೆಯಲ್ಲಿ, ಲೈಟಿನ ಕಂಬಕ್ಕೂ ಹೂವಿನಂಗಡಿಯ ಬೊಂಬಿಗೂ ನಡುವೆ ಆ ಫ್ಲೆಕ್ಸ್. ದೀಪಾವಳಿ ಮುಗಿದು ಬಹಳ ದಿನವಾಗಿರಲಿಲ್ಲ, ಭತ್ತದ ಕಟಾವು ಶುರುವಾಗಿತ್ತು. ಮುಂಜಾನೆಯ ಹೊತ್ತು, ಬಿಸಿಲು ಇನ್ನೂ ನೆತ್ತಿಗೆ ಬಂದಿರಲಿಲ್ಲ. ನನಗೂ ಅದರ ಕೆಳಗೆ ಸೇರಿದ್ದವರಿಗೂ ನಡುವೆ ಒಂದು ರಸ್ತೆಯ ಅಗಲವಷ್ಟೇ ಇತ್ತು. ಮಾತು ಕೇಳುತ್ತಿತ್ತು. ಕೇಳದ್ದನ್ನು ನಾನು ಇಲ್ಲಿ ಬರೆದಿಲ್ಲ.

ಇಷ್ಟು ವರ್ಷ ಬರೆಯದೆ ಇದ್ದವನು ಈಗ ಬರೆಯುತ್ತಿರುವುದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಕಳೆದ ತಿಂಗಳು ಲಿಂಗಸುಗೂರಿನಿಂದ ಸಿಂಧನೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಮಸ್ಕಿ ದಾಟಿದ ಮೇಲೆ ರಸ್ತೆಯ ಒಂದು ಮಗ್ಗುಲಿಡೀ ಭತ್ತ ಹರವಿದ್ದರು. ಹಸಿ ಭತ್ತ ಬಿಸಿಲು ಕುಡಿಯುವಾಗ ಬಿಡುವ ವಾಸನೆ, ಒದ್ದೆ ಗೋಣಿಚೀಲದಂಥದ್ದು, ಕಿಟಕಿಯಿಂದ ಒಳಗೆ ಬಂತು. ನಾನು ಕರವಸ್ತ್ರ ಮೂಗಿಗೆ ಒತ್ತಿ ಕಿಟಕಿಯ ಗಾಜು ಎಳೆದೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು, "ಯಾಕ್ರೀ ಅಣ್ಣಾರ, ಬಸ್ಸು ಆಗಿ ಬರಂಗಿಲ್ಲೇನು?" ಎಂದು ಕೇಳಿ ಲಿಂಬೆಹಣ್ಣು ಕೊಟ್ಟಳು. ಬಸ್ಸು ನನಗೆ ಆಗಿಬರುತ್ತದೆ.

ಆ ವರ್ಷ ಮಳೆಗಾಲದ ಹೊತ್ತಿಗೆ ನನ್ನನ್ನು ತುರ್ವಿಹಾಳದ ಕಡೆಗೆ ಹಾಕಿದ್ದರು. ಆರೋಗ್ಯ ಇಲಾಖೆಯಲ್ಲಿ ಊರೂರು ತಿರುಗುವ ನೌಕರಿ ನನ್ನದು. ಜ್ವರ ಬಂದವರ ರಕ್ತದ ಹನಿ ತೆಗೆಯುವುದು, ನಿಂತ ನೀರಿನಲ್ಲಿ ಸೊಳ್ಳೆಯ ಮರಿ ಹುಡುಕುವುದು. ಕಾಲುವೆಗೆ ನೀರು ಬಿಟ್ಟು ನಾಟಿಯಾದ ಮೇಲೆ ಆ ಸೀಮೆಯೇ ಒಂದು ಕೆರೆ. ಗೊರೇಬಾಳದಿಂದ ತುರ್ವಿಹಾಳದವರೆಗೆ ಎಲ್ಲಿ ನೋಡಿದರೂ ನೀರು, ನೀರಿನ ಮೇಲೆ ಸೊಳ್ಳೆ. ಬಾವಿಗಳಿಗೂ ತೊಟ್ಟಿಗಳಿಗೂ ಬಿಡಲು ಗಪ್ಪಿ ಮೀನು ಬೇಕಾಗಿತ್ತು. ಉಗುರಿನಷ್ಟೇ ಇರುವ ಈ ಮೀನು ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ. ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಎಲ್ಲರೂ ಹೇಳಿದ್ದು ಒಂದೇ: "ಬಂಗಾಲಿ ಕ್ಯಾಂಪಿಗೆ ಹೋಗ್ರಿ. ದಾದಾ ಅದಾನ."

ಪೂರ್ವ ಬಂಗಾಲದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ನೆಲೆ ಕೊಟ್ಟ ಊರು ಅದು, ಅದರ ಹಿಂದೆ ಅಲ್ಲಿಯವರೇ ತೋಡಿಸಿದ ಹೊಂಡ. ಅದರಲ್ಲಿ ಎದೆಮಟ್ಟ ನೀರಿನಲ್ಲಿ ಒಬ್ಬ ಮುದುಕರು ನಿಂತಿದ್ದರು. ಎಪ್ಪತ್ತು ದಾಟಿದವರು, ಕಪ್ಪು ಮೈ, ತಲೆಗೆ ಸುತ್ತಿದ ಕೆಂಪು ವಸ್ತ್ರ, ಅವರ ಮಾತಿನಲ್ಲಿ ಗಮಛಾ. ಹೆಸರು ಹರಿಪದ, ಯಾರೂ ಹಾಗೆ ಕರೆಯುತ್ತಿರಲಿಲ್ಲ, ಎಲ್ಲರಿಗೂ ಅವರು ದಾದಾ, ಅಂದರೆ ಅಣ್ಣ.

"ಹೆಲ್ತಿನವ್ರೇನ್ರೀ?" ಎಂದರು. "ಇಳೀರಿ ನೀರಾಗ. ದಂಡಿ ಮ್ಯಾಲೆ ನಿಂತವ್ರಿಗೆ ನಾ ಮೀನ ಕೊಡಂಗಿಲ್ಲ."

"ಪ್ಯಾಂಟ್ ತೊಯ್ತೈತ್ರಿ."

"ಒಣಗತೈತಿ. ನನ್ನ ಮೈ ನೋಡ್ರಿ, ಎಷ್ಟು ಸಾರಿ ತೊಯ್ದೈತಿ, ಎಷ್ಟು ಸಾರಿ ಒಣಗೈತಿ."

ಇಳಿದೆ. ಅವರ ಕನ್ನಡ ನಮ್ಮ ಕನ್ನಡವೇ ಆಗಿತ್ತು. 'ಜ' ಬಂದಲ್ಲಿ ಮಾತ್ರ ನಾಲಿಗೆ ಸ್ವಲ್ಪ ಹೆಚ್ಚು ಒತ್ತುತ್ತಿತ್ತು. ಆ ಮಳೆಗಾಲವೆಲ್ಲ ನನ್ನ ಬೈಕಿನ ಹಿಂದೆ, ತೊಡೆಯ ಮೇಲೆ ಮೀನಿನ ಡಬ್ಬಿ ಇಟ್ಟುಕೊಂಡು ಅವರು ಕೂತರು. ಕೂಲಿ ಕೇಳಲಿಲ್ಲ. ಊರೂರಲ್ಲಿ ಅವರಿಗೆ ಒಂದೊಂದು ಕೆಲಸ ಇರುತ್ತಿತ್ತು. ಒಂದು ಊರಿನ ಬಯಲಾಟದವರಿಗೆ ಮುಖಕ್ಕೆ ಬಣ್ಣ ಹಚ್ಚಿ ರಾಕ್ಷಸನ ಹುಬ್ಬು ಬರೆಯುತ್ತಿದ್ದರು. ಇನ್ನೊಂದು ಊರಿನಲ್ಲಿ ಸಸಿಯ ಕಟ್ಟುಗಳನ್ನು ಕೆಸರು ಗದ್ದೆಯೊಳಗೆ ಎಳೆದೊಯ್ಯಲು ತಗಡಿನ ಚಪ್ಪಟೆ ದೋಣಿ ಮಾಡಿಕೊಟ್ಟಿದ್ದರು. ಹೆಣ್ಣುಮಕ್ಕಳು ತಲೆಹೊರೆ ಹೊರುವುದು ಅದರಿಂದ ತಪ್ಪಿತ್ತು. ಕಾಲುವೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಕಡೆಯಲ್ಲೆಲ್ಲ ನೀರಿಗೆ ಅಡ್ಡವಾಗಿ ಹಗ್ಗ ಕಟ್ಟಿ, ಅದಕ್ಕೆ ಖಾಲಿ ಎಣ್ಣೆ ಡಬ್ಬಿಗಳನ್ನು ತೇಲುವಂತೆ ಬಿಗಿದಿದ್ದರು. ಕಾಲು ಜಾರಿದವರು ಅದನ್ನು ಹಿಡಿಯಬೇಕು. ನಮ್ಮ ಕಾಲುವೆ ನೋಡಿದವರಿಗೆ ಗೊತ್ತು, ಅದರ ಇಳಿಜಾರು ಕಲ್ಲು ಪಾಚಿಗಟ್ಟಿರುತ್ತದೆ. ಒಮ್ಮೆ ಜಾರಿದರೆ ಮೇಲೆ ಹತ್ತಲು ಹಿಡಿಕೆ ಇಲ್ಲ. ಸುತ್ತಿನ ಊರುಗಳಲ್ಲಿ ಈಜು ಬಲ್ಲ ಗಂಡುಮಕ್ಕಳಲ್ಲಿ ಮುಕ್ಕಾಲು ಪಾಲು ಅವರಿಂದ ಕಲಿತವರು.

ಇದನ್ನೆಲ್ಲ ಊರು ಪ್ರೀತಿಯಿಂದ ತೆಗೆದುಕೊಂಡಿತು ಎಂದು ನಾನು ಬರೆಯಲಾರೆ. ತೆಗೆದುಕೊಂಡಿತು, ಅಷ್ಟೇ.

ಗೊರೇಬಾಳದ ಆಚೆಯ ಒಂದು ಹಳ್ಳಿಯಲ್ಲಿ ಒಂದು ದೊಡ್ಡ ಮನೆ. ಮನೆಯವರ ಹಣೆಯ ಮೇಲೆ ವಿಭೂತಿ, ಅಂಗಳದಲ್ಲಿ ಬಾವಿ. ಬಾವಿಯಲ್ಲಿ ಸೊಳ್ಳೆಯ ಮರಿ ತುಂಬಿತ್ತು. ಮನೆಯ ಹಿರಿಯಮ್ಮ ಡಬ್ಬಿಯೊಳಗೆ ಇಣುಕಿ ನೋಡಿ ಹಿಂದೆ ಸರಿದಳು.

"ಯವ್ವಾ, ಮೀನ! ನಮ್ಮ ಲಿಂಗಪ್ಪನ ಪೂಜಾಕ್ಕ ತರೋ ನೀರಾಗ ಮೀನ ಬಿಡ್ತಿಯೇನು?"

"ಸೊಳ್ಳಿ ಮರಿ ತಿಂತಾವ್ರಿ ಅಮ್ಮಾ," ಎಂದೆ.

"ಇವತ್ತು ಅವು ಸೊಳ್ಳಿ ತಿಂತಾವು. ನಾಳಿಗೆ ಅವನ್ನ ತಿನ್ನಾಕ ಈ ಮುದುಕ ಗಾಳ ಹಿಡ್ಕೊಂಡು ಬರ್ತಾನ."

ದಾದಾ ಕೈಮುಗಿದು ಹೇಳಿದರು: "ಅಮ್ಮಾ, ಇವನ್ನ ಡಬ್ಬಿಗಟ್ಟಲೆ ತಿಂದ್ರೂ ನನ್ನ ಹಲ್ಲಿನ ಸಂದಿ ತುಂಬಂಗಿಲ್ಲ. ನನಗ ಹಲ್ಲೂ ಇಲ್ಲ, ನೋಡ್ರಿ."

ಹಿರಿಯಮ್ಮ ಸೆರಗು ಬಾಯಿಗೆ ಒತ್ತಿ ನಕ್ಕಳು. ಒಳಗಿನಿಂದ ಅವಳ ಮಗ ಬಂದ. ಪಂಪಾಪತಿ. ನಲವತ್ತರ ಒಳಗಿನವನು, ತಾಲ್ಲೂಕಿನ ಒಬ್ಬ ಮುಖಂಡರ ಹಿಂದೆ ಓಡಾಡುತ್ತಿದ್ದವನು. ಅವನು ನಗಲಿಲ್ಲ. ಡಬ್ಬಿಯನ್ನು ಕಾಲಿನಿಂದ ತಳ್ಳಿದ. ನೀರು ಹಾಸುಗಲ್ಲಿನ ಮೇಲೆ ಹರಿಯಿತು, ಮೀನುಗಳು ಕಲ್ಲಿನ ಮೇಲೆ ಬಿದ್ದು ಹೊಳೆದವು.

"ಎಲ್ಲಿಂದೋ ಬಂದು ನಮ್ಮ ಜಗಾದಾಗ ಕುಂತದ್ದಲ್ದ, ನಮ್ಮ ಬಾವ್ಯಾಗೂ ಕೈ ಹಾಕ್ತೀಯೇನಲೇ?"

ದಾದಾ ಕುಕ್ಕರಗಾಲಿನಲ್ಲಿ ಕೂತು ಮೀನುಗಳನ್ನು ಅಂಗೈಗೆ ಆರಿಸಿಕೊಂಡರು. "ಹೋಗೂಣ್ರಿ ಸರ್," ಎಂದರು. ಬೈಕು ಊರ ಹೊರಗೆ ಬಂದ ಮೇಲೆ ಹಿಂದಿನಿಂದ ಒಂದೇ ಮಾತು ಹೇಳಿದರು: "ಇವ ಕಾಲುವಿಯಾಗ ನನ್ನ ಕುತ್ತಿಗಿ ಹಿಡ್ಕೊಂಡು ಈಜು ಕಲ್ತಾಂವ. ಆಗ ಭಾಳ ಅಂಜತಿದ್ದ."

ನಮ್ಮದು ಮಸ್ಕಿ. ಅಪ್ಪನ ಕಾಲದಲ್ಲಿ ನಮ್ಮ ಕೇರಿಯ ಹತ್ತಾರು ಮನೆಗಳು ಬೌದ್ಧರಾದವು. ಅಶೋಕನ ಶಾಸನದ ಬಂಡೆ ಇರುವ ಗುಡ್ಡದ ಬುಡದಲ್ಲೇ ಇದ್ದರೂ ಕೇರಿಯಲ್ಲಿ ಬುದ್ಧನ ಮೂರ್ತಿ ಇರಲಿಲ್ಲ, ಗೋಡೆಗೆ ಒಂದು ಕ್ಯಾಲೆಂಡರಿನ ಚಿತ್ರವಿತ್ತು. ದಸರೆಯ ಮುಂಚೆ ದಾದಾ ಕ್ಯಾಂಪಿನ ದುರ್ಗಾ ಮೂರ್ತಿ ಮಾಡುವುದನ್ನು ನೋಡಿ, ನಮ್ಮ ಕೇರಿಗೊಂದು ಬುದ್ಧನನ್ನು ಮಾಡಿಕೊಡಿ ಎಂದು ನಾನು ಕೇಳಿದೆ. ಹುಲ್ಲು ಸುತ್ತಿ, ಕಾಲುವೆಯ ಮಣ್ಣು ಮೆತ್ತಿ, ದುರ್ಗೆಯ ಪಕ್ಕದಲ್ಲೇ ಬುದ್ಧನನ್ನು ಕೂರಿಸಿ ಎರಡನ್ನೂ ಒಟ್ಟಿಗೆ ಒಣಗಿಸಿದರು. ಬುದ್ಧನನ್ನು ಮಸ್ಕಿಗೆ ತಂದದ್ದು ಅಮರೇಶನ ಟ್ರ್ಯಾಕ್ಟರ್.

ಅಮರೇಶ ತುರ್ವಿಹಾಳದವನು, ಪಂಕ್ಚರ್ ಅಂಗಡಿ, ಒಂದು ಟ್ರ್ಯಾಕ್ಟರ್, ದೊಡ್ಡ ಗಂಟಲು. ಅದೇ ಮಳೆಗಾಲದಲ್ಲಿ ಅವನ ಹೆಂಡತಿ ಹುಲಿಗೆಮ್ಮ ಬಟ್ಟೆ ಒಗೆಯುವಾಗ ಕಾಲುವೆಗೆ ಜಾರಿದ್ದಳು. ದಾದಾ ಕಟ್ಟಿದ ಹಗ್ಗವನ್ನು ಹಿಡಿದು, ಜನ ಬರುವವರೆಗೆ ಅದಕ್ಕೇ ಜೋತುಬಿದ್ದು ಉಳಿದಳು. ಅಂದಿನಿಂದ ಅಮರೇಶ ದಾದಾ ಹೇಳದ ಕೆಲಸವನ್ನೂ ಮಾಡುತ್ತಿದ್ದ. ಅದೇ ಅವನ ತೊಂದರೆ.

ಬುದ್ಧನನ್ನು ಇಳಿಸುವಾಗ ನಮ್ಮ ಚಿಗವ್ವ ಮುಖ ನೋಡಿ, "ಇದೇನೋ ಯಪ್ಪಾ, ಬುದ್ಧ ಬಂಗಾಲಿ ಮಾರಿ ಮಾಡ್ಯಾನ!" ಎಂದಳು.

"ಬುದ್ಧ ನಮ್ಮ ದಿಕ್ಕಿನಾಂವ ಅಲ್ಲೇನವ್ವಾ?" ಎಂದರು ದಾದಾ. "ನಿಮ್ಮ ಮಸ್ಕಿಗೆ ಅವನೂ ಹೊರಗಿನಿಂದಲೇ ಬಂದಾನ."

ಕೇರಿಯೆಲ್ಲ ನಕ್ಕಿತು. ನಮ್ಮ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡರು. ಆ ಹಂಗಾಮಿನಲ್ಲಿ ನಗು ಎಂದರೆ ನನಗೆ ನೆನಪಿರುವುದು ಅದೊಂದೇ ಮಧ್ಯಾಹ್ನ.

ದಸರೆ ಮುಗಿದ ಮೇಲೆ ಕ್ಯಾಂಪಿಗೆ ಒಬ್ಬ ಯುವಕ ಬಂದ. ಕೊರಳಲ್ಲಿ ಕ್ಯಾಮೆರಾ. ದಾದಾ ಹುಟ್ಟಿದ ದೇಶದವನು, ಬಾಂಗ್ಲಾದೇಶದವನು. ಅವನು ಹೇಳಿದ ಮೇಲೆ ನಮಗೆ ಗೊತ್ತಾದದ್ದು ಇಷ್ಟು. ಎಪ್ಪತ್ತೊಂದರ ಯುದ್ಧದಲ್ಲಿ, ಆಗಷ್ಟೇ ಇಪ್ಪತ್ತು ದಾಟಿದ ವಯಸ್ಸಿನಲ್ಲಿ, ದಾದಾ ನದಿಯಲ್ಲಿ ಈಜಿಹೋಗಿ ಶತ್ರುಗಳ ದೋಣಿಗಳನ್ನು ಮುಳುಗಿಸಿದ್ದರು. ಅವರ ಊರಿನ ಮಕ್ಕಳಿಗೆ ಅವರ ಹೆಸರು ಹೇಳಿಕೊಡುತ್ತಾರೆ. ಕೆಲವೇ ವರ್ಷಗಳಲ್ಲಿ ಆ ದೇಶದ ನಾಯಕನನ್ನು ಕೊಂದು ಸೈನಿಕರು ಅಧಿಕಾರ ಹಿಡಿದಾಗ ದಾದಾ ಮತ್ತೆ ಬಂದೂಕು ಎತ್ತಿದ್ದರು. ಸೋತಿದ್ದರು. ಸಿಕ್ಕರೆ ನೇಣು. ಗಡಿ ದಾಟಿ, ಅದಕ್ಕೂ ಮುಂಚೆಯೇ ಸರ್ಕಾರ ಇಲ್ಲಿ ನೆಲೆ ಕೊಟ್ಟಿದ್ದ ಅಕ್ಕನ ಮನೆಯನ್ನು ಹುಡುಕಿಕೊಂಡು ಸಿಂಧನೂರಿಗೆ ಬಂದಿದ್ದರು. ಅಲ್ಲಿಯವರು ಅವರು ಸತ್ತರೆಂದೇ ತಿಳಿದಿದ್ದರು.

ಕ್ಯಾಂಪಿನ ಉಳಿದವರನ್ನು ಸರ್ಕಾರವೇ ಕರೆತಂದಿತ್ತು, ಅವರಿಗೆ ಜಮೀನು, ಗುರುತಿನ ಚೀಟಿ ಎಲ್ಲ ಇತ್ತು. ದಾದಾ ತಾವಾಗಿ ಬಂದವರು. ಅವರ ಹತ್ತಿರ ಯಾವ ಕಾಗದವೂ ಇರಲಿಲ್ಲ. ಯಾರೂ ಕೇಳಿರಲಿಲ್ಲ. ಯಾರೂ ಕೇಳದಿದ್ದದ್ದರ ಮೇಲೆ ಅವರ ಇಷ್ಟು ವರ್ಷದ ಬದುಕು ನಿಂತಿತ್ತು.

ಯುವಕ ಹೋದ ಮೇಲೆ ಹೊಂಡದ ದಂಡೆಯಲ್ಲಿ ಕೂತಿದ್ದಾಗ ದಾದಾ ನನಗೆ ಹೇಳಿದರು: "ಅಲ್ಲಿ ನಾ ಸತ್ತಾಂವ ಸರ್, ಇಲ್ಲಿ ಬದುಕಿದಾಂವ. ಎರಡನ್ನೂ ಒಂದು ಕಡೆ ಕೂಡಿಸಬಾರದು. ಅವ ಹುಡುಗ ಕೇಳಲಿಲ್ಲ. ಚಿತ್ರ ತಕ್ಕೊಂಡು ಹೋದ."

"ಅಲ್ಲಿ ಈಗ ನಿಮ್ಮನ್ನ ಮೆರೆಸ್ತಾರಂತ ದಾದಾ. ಹೋಗಂಗಿಲ್ಲೇನು?"

"ಯಾರದಾರ ಅಲ್ಲಿ? ನನ್ನ ಜೋಡಿ ಈಜಿದವ್ರು ಒಬ್ರೂ ಇಲ್ಲ." ನೀರಿಗೆ ಬಿದ್ದಿದ್ದ ಎಲೆಯೊಂದನ್ನು ಎತ್ತಿ ದಂಡೆಗೆ ಹಾಕಿದರು. "ಇಲ್ಲೇ ಸಾಯ್ಬೇಕು. ಅದೊಂದು ಆಸೆ ಉಳದೈತಿ. ಯಾರಿಗೂ ಹೇಳಬ್ಯಾಡ್ರಿ."

ನಾನು ಯಾರಿಗೂ ಹೇಳಲಿಲ್ಲ. ಆದರೆ ಯುವಕನ ವಿಡಿಯೋ ಫೋನಿನಿಂದ ಫೋನಿಗೆ ಹಾರಿ ಅಮರೇಶನಿಗೆ ಮುಟ್ಟಿತು. ಬಂಗಾಲಿ ಮಾತು ಅವನಿಗೆ ತಿಳಿಯದು. ಬಂದೂಕು ಹಿಡಿದ ಹಳೆಯ ಫೋಟೋ ತಿಳಿಯಿತು, ಕ್ಯಾಂಪಿನವರನ್ನು ಕೇಳಿ ಉಳಿದದ್ದನ್ನು ತಿಳಿದುಕೊಂಡ.

ನಮ್ಮ ಸೀಮೆಯಲ್ಲಿ ಸಂತೋಷವಾದರೆ ಫ್ಲೆಕ್ಸ್ ಹಾಕಿಸುತ್ತೇವೆ. ಮಗ ಪಿಯುಸಿ ಪಾಸಾದರೆ, ಎತ್ತು ಓಟದಲ್ಲಿ ಗೆದ್ದರೆ, ಹೊಸ ಟ್ರ್ಯಾಕ್ಟರ್ ಬಂದರೆ. ಸತ್ತರೂ ಹಾಕಿಸುತ್ತೇವೆ. ಯಾರ ಫೋಟೋ ಹಾಕುತ್ತೇವೋ ಅವರನ್ನು ಕೇಳುವ ರೂಢಿ ಇಲ್ಲ. ಮುಂಚೆಯೇ ಹೇಳಿದರೆ ಅದರ ಗಮ್ಮತ್ತೇ ಹೋಗುತ್ತದೆ. ಅಮರೇಶ ಸಿಂಧನೂರಿಗೆ ಹೋಗಿ ಆಳೆತ್ತರದ ಫ್ಲೆಕ್ಸ್ ಮಾಡಿಸಿದ. ನಡುವೆ ಈಗಿನ ದಾದಾ, ಮೂಲೆಯಲ್ಲಿ ಬಂದೂಕಿನ ದಾದಾ, ಹಿಂದೆ ಎರಡು ದೇಶಗಳ ಧ್ವಜ. ಮೇಲೆ ದಪ್ಪ ಅಕ್ಷರದಲ್ಲಿ 'ರಾಷ್ಟ್ರವೀರ, ನಮ್ಮ ಹೆಮ್ಮೆಯ ದಾದಾ'. ಕೆಳಗೆ ಶುಭ ಕೋರುವವರ ಸಾಲು, ಅದರಲ್ಲಿ ತಂಪು ಕನ್ನಡಕ ಹಾಕಿಕೊಂಡ ಅಮರೇಶನೇ ಎಲ್ಲರಿಗಿಂತ ದೊಡ್ಡವನು.

ಸರ್ಕಲ್‌ನಲ್ಲಿ ಕಟ್ಟಲು ಜಾಗ ಇರಲಿಲ್ಲ. ಪಂಪಾಪತಿಯ ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸ್ ಅಲ್ಲಿತ್ತು. ಹಬ್ಬ ಮುಗಿದು ಬಹಳ ದಿನವಾಗಿ ಬಿಸಿಲಿಗೆ ಬಿಳಿಚಿತ್ತು. ಅಮರೇಶ ಎಲ್ಲರೂ ಮಾಡುವುದನ್ನೇ ಮಾಡಿದ. ಹಳೆಯದನ್ನು ಬಿಚ್ಚದೆ ಅದರ ಮೇಲೇ ಹೊಸದನ್ನು ಕಟ್ಟಿದ. ಹಾಗೆ ಕಟ್ಟಿದರೆ ಹಿಂದೆ ಆಸರೆ ಸಿಗುತ್ತದೆ, ಗಾಳಿಗೆ ಹರಿಯುವುದಿಲ್ಲ.

ಮರುದಿನ ಮುಂಜಾನೆ ನಾನು ಅವ್ವನ ಬಿಪಿ ಗುಳಿಗೆಗೆಂದು ಆ ಔಷಧ ಅಂಗಡಿಗೆ ಹೋಗಿದ್ದೆ. ಗುಳಿಗೆ ಜೇಬಿಗೆ ಹಾಕಿಕೊಂಡು ತಿರುಗಿದಾಗ ಅಮರೇಶನ ಬೈಕಿನಿಂದ ದಾದಾ ಇಳಿಯುತ್ತಿದ್ದರು. ಏನೋ ತೋರಿಸುತ್ತೇನೆಂದು ಕರೆತಂದಿದ್ದನಂತೆ. ಅಮರೇಶ ಎರಡೂ ಕೈ ಚಾಚಿ ಫ್ಲೆಕ್ಸ್ ತೋರಿಸಿದ. ದಾದಾ ತಲೆ ಎತ್ತಿ ನೋಡಿದರು. ಅವರ ಮುಖದ ಮೇಲೆ ಸಂತೋಷ ಒಂದು ಕ್ಷಣವೂ ಬರಲಿಲ್ಲ, ಇದನ್ನು ನಾನು ಖಚಿತವಾಗಿ ಹೇಳಬಲ್ಲೆ.

"ಬಿಚ್ಚು ಅಮರೇಶ," ಎಂದರು. "ಈಗಿಂದೀಗ ಬಿಚ್ಚು."

"ನಾಚಿಕಿ ಬ್ಯಾಡ್ರಿ ದಾದಾ! ನೋಡ್ಲಿ ಮಂದಿ!"

ಅಷ್ಟರಲ್ಲಿ ಬೈಕುಗಳು ಬಂದವು. ಮುಂದಿನ ಬೈಕಿನಿಂದ ಪಂಪಾಪತಿ ಇಳಿದ. ಅವನ ಜೊತೆ ಏಳೆಂಟು ಜನ ಇದ್ದಿರಬೇಕು, ಆಮೇಲೆ ಹೆಚ್ಚಾದರು.

"ಯಾವನಲೇ ನಮ್ಮ ಧಣಿ ಮಾರಿ ಮ್ಯಾಲೆ ಕಟ್ಟಿದಾಂವ?"

"ನಾನೇ ಪಂಪಣ್ಣ. ಹುಟ್ಟಿದ ಹಬ್ಬ ಮುಗದಿತ್ತಲ. ಬಣ್ಣನೂ ಹಾರಿತ್ತು."

"ನಮ್ಮ ಧಣಿ ಬಣ್ಣ ಹಾರ್ಯಾದ ಅಂತೀಯೇನಲೇ?"

ಭಜಿ ಬಂಡಿಯ ಹತ್ತಿರ ಯಾರೋ ನಕ್ಕರು. ಆ ನಗು ಪಂಪಾಪತಿಗೆ ಕೇಳಿಸಿತು. ಅವನು ತಿರುಗಿ ನೋಡಿದ, ನಕ್ಕವರು ಯಾರೆಂದು ಅವನಿಗೆ ಗೊತ್ತಾಗಲಿಲ್ಲ. ಅವನ ಕಿವಿ ಕೆಂಪಾದದ್ದು ನಾನು ನಿಂತಲ್ಲಿಂದಲೂ ಕಾಣುತ್ತಿತ್ತು.

ಅಮರೇಶನ ದನಿ ಇಳಿಯಿತು. "ತಪ್ಪಾತು ಅಣ್ಣ. ತಗದು ಬಾಜೂಕ ಕಟ್ತೀನಿ."

"ಬಾಜೂಕೂ ಬ್ಯಾಡ," ಎಂದರು ದಾದಾ. "ತಗದು ಮನಿಗೆ ಒಯ್ತೀವ್ರಿ. ತಪ್ಪಾತ್ರಿ."

ಅಲ್ಲಿಗೆ ಮುಗಿಯಬಹುದಿತ್ತು. ಮುಗಿಯುತ್ತಲೂ ಇತ್ತು. ಪಂಪಾಪತಿಯ ಜೊತೆಯವನೊಬ್ಬ, ಕನ್ನಡಕದ ತರುಣ, ಅಷ್ಟು ಹೊತ್ತು ಫ್ಲೆಕ್ಸಿನ ಅಕ್ಷರ ಓದುತ್ತ ನಿಂತಿದ್ದವನು ಹೇಳಿದ: "ಪಂಪಣ್ಣ, ಆ ಹಸಿರು ಧ್ವಜ ನೋಡು. ಅದು ನಮ್ಮದಲ್ಲ."

ಇದನ್ನು ನಾನು ನಿಧಾನವಾಗಿ ಬರೆಯಬೇಕು. ಆಮೇಲೆ ಊರು ಹೇಳಿದ ಕತೆಯಲ್ಲಿ ಮೊದಲಿನಿಂದಲೂ ದೇಶದ ಮಾತೇ ಇತ್ತು. ದೇಶಕ್ಕೆ ಅವಮಾನವಾಯಿತು, ಹುಡುಗರಿಗೆ ರಕ್ತ ಕುದಿಯಿತು ಎಂದು ಹೇಳಿದರು. ನಾನು ಕೇಳಿದ್ದು ಹಾಗಲ್ಲ. ಮೊದಲು ಬಂದದ್ದು ಜಾಗದ ಮಾತು, ಆಮೇಲೆ ಬಣ್ಣದ ಮಾತು, ಆಮೇಲೆ ಒಂದು ನಗು. ದೇಶದ ಮಾತು ಕಡೆಗೆ ಬಂತು. ಧ್ವಜ ಮೊದಲಿನಿಂದಲೂ ಅವರ ಕಣ್ಣೆದುರಿಗೇ ಇತ್ತು.

ಪಂಪಾಪತಿ ದಾದಾ ಅವರ ಹತ್ತಿರ ಬಂದ. "ಏ ಮುದುಕ, ನೀ ಯಾ ದೇಶದಾಂವ?"

"ಕ್ಯಾಂಪಿನಾಂವ್ರಿ."

"ಕ್ಯಾಂಪ್ ದೇಶ ಅಲ್ಲ."

"ನನಗ ಅದೇ ದೇಶ."

ಯಾರೋ ಫೋನ್ ಎತ್ತಿ ಹಿಡಿದರು. ಇನ್ನೊಬ್ಬ, ಮತ್ತೊಬ್ಬ. "ಕ್ಯಾಮೆರಾ ನೋಡಿ ಹೇಳು. ಎಲ್ಲಿಂದ ನುಸುಳಿ ಬಂದಿ? ಕಾಗದ ಐತೇನು? ಬಾಯಿ ಬಿಡಲೇ!"

ದಾದಾ ಬಾಯಿ ಬಿಡಲಿಲ್ಲ. ಎರಡೂ ಕೈ ಕೆಳಗೆ ಬಿಟ್ಟು, ಕಾಲು ಸ್ವಲ್ಪ ಅಗಲಿಸಿ, ನೀರಿನಲ್ಲಿ ನಿಲ್ಲುವಂತೆ ನಿಂತರು. ಅವರು ಏನೂ ಹೇಳದೆ ಇದ್ದರೆ ಆ ಫೋನುಗಳಲ್ಲಿ ಏನೂ ಇಲ್ಲ, ಒಬ್ಬ ಮುದುಕನ ಚಿತ್ರ ಅಷ್ಟೇ. ಅದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಾಯಿತು. ನಾನು ಮೆಟ್ಟಿಲು ಇಳಿದು ರಸ್ತೆ ದಾಟಲು ಹೋದೆ. ಒಬ್ಬ ನನ್ನ ಎದೆಗೆ ಅಂಗೈ ಒತ್ತಿ ಮತ್ತೆ ಮೆಟ್ಟಿಲಿಗೇ ಹತ್ತಿಸಿದ. "ಸರ್ಕಾರಿ ನೌಕರಿ ಮಾಡ್ತೀರಿ. ಸುಮ್ನ ನಿಂದರ್ರಿ ಸರ್." ಒಳಗೆ ಅಂಗಡಿಯ ಶೆಟ್ಟರು ಪೊಲೀಸರಿಗೆ ಫೋನ್ ಮಾಡುತ್ತಿದ್ದರು.

ಒಬ್ಬ ದಾದಾ ಅವರ ಗಮಛಾ ಎಳೆದ. ಆಗ ಅಮರೇಶ ತಡೆಯಲಾರದೆ ಕೂಗಿದ. ಅವನ ದೊಡ್ಡ ಗಂಟಲು ಸರ್ಕಲ್‌ಗೆಲ್ಲ ಕೇಳಿಸಿತು.

"ಕೈ ಬಿಡ್ರಲೇ! ಯಾರಂತ ತಿಳಿದೀರಿ ಅವ್ರನ್ನ? ಬಾಂಗ್ಲಾ ದೇಶಕ್ಕ ಸ್ವಾತಂತ್ರ್ಯ ತಂದುಕೊಟ್ಟವ್ರು! ಅಲ್ಲಿಯ ಹೀರೋ ಅದಾರ ಅವ್ರು! ಅಲ್ಲಿ ನೇಣಿಗೆ ಹಾಕಾಕ ಬಂದಾಗ ತಪ್ಪಿಸ್ಕೊಂಡು ಇಲ್ಲಿಗೆ ಬಂದಾರ!"

ಗಮಛಾ ಎಳೆದವನು ಕೈ ಬಿಟ್ಟ. ಅಮರೇಶನಿಗೆ ತಾನು ಗೆದ್ದೆ ಅನಿಸಿರಬೇಕು. ಅವನ ಮುಖ ಹಾಗಿತ್ತು. ದಾದಾ ಕಣ್ಣು ಮುಚ್ಚಿಕೊಂಡರು.

"ಬಂತೇನಲೇ ರೆಕಾರ್ಡಿನಾಗ?" ಎಂದು ಪಂಪಾಪತಿ ಕೇಳಿದ.

"ಬರೋಬ್ಬರಿ ಬಂತಣ್ಣ."

ಆಮೇಲೆ ನಡೆದದ್ದು ಹೂವಿನಂಗಡಿಯ ಏಣಿಯ ಮೇಲೆ. "ನಿನ್ನ ಮಾರಿ ನೀನೇ ಇಳಸು" ಎಂದರು. ಹೂವಿನ ಮೌಲಾಸಾಬ್ ಏಣಿ ಕೊಡಲು ಒಲ್ಲೆ ಎಂದ, ಅವನ ಕೈಯಿಂದ ಕಿತ್ತುಕೊಂಡರು. ದಾದಾ ಹತ್ತಿದರು. ಫ್ಲೆಕ್ಸ್ ಹರಿ, ಹರಿ ಎಂದು ಕೆಳಗಿನಿಂದ ಕೂಗಿದರು. ಅವರು ಹರಿಯಲಿಲ್ಲ. ಗಂಟು ಬಿಚ್ಚಿದರು. ಒಂದು ಕಡೆಯದು ಆದ ಮೇಲೆ ಇಳಿದು, ಏಣಿಯನ್ನು ತಾವೇ ಇನ್ನೊಂದು ಕಡೆಗೆ ಒಯ್ದು, ಮತ್ತೆ ಹತ್ತಿದರು. ಯಾರೋ ಚಪ್ಪಲಿ ಎಸೆದರು, ಬೆನ್ನಿಗೆ ಬಡಿಯಿತು. ಅವರು ಏಣಿಯ ಮೇಲೆ ಸ್ವಲ್ಪ ಬಾಗಿದರು, ಕೈ ಗಂಟಿನ ಮೇಲೇ ಇತ್ತು. ಫ್ಲೆಕ್ಸ್ ಕಳಚಿ ಬಿದ್ದಾಗ ಹಿಂದಿನಿಂದ ಬಿಳಿಚಿದ ಮುಖಂಡರು ಕಾಣಿಸಿಕೊಂಡರು. ಸಿಳ್ಳೆ ಹಾಕಿದರು, ಜೈಕಾರ ಹಾಕಿದರು. ದಾದಾ ತಮ್ಮ ಚಿತ್ರವನ್ನು ಸುರುಳಿ ಸುತ್ತಿ ನೆಲಕ್ಕೆ ಇಟ್ಟರು. ಅದರ ಮೇಲೆ ಬೈಕುಗಳನ್ನು ಹತ್ತಿಸಿದರು.

ಪೊಲೀಸರು ಬಂದು ಅವರನ್ನು ಜನರಿಂದ ಬಿಡಿಸಿ ಜೀಪಿನಲ್ಲಿ ಕೂರಿಸಿಕೊಂಡರು. ಸಂಜೆಗೆ ಮರಳಿ ಕಳಿಸಿದರು. ಅಷ್ಟರೊಳಗೆ ವಿಡಿಯೋ ಮುದಗಲ್, ಲಿಂಗಸುಗೂರು ಎಲ್ಲ ಮುಟ್ಟಿತ್ತು. ನನ್ನ ಫೋನಿಗೇ ನಾಲ್ಕು ಕಡೆಯಿಂದ ಬಂತು. ಎಲ್ಲದರಲ್ಲೂ ಅಮರೇಶನ ದನಿ.

ದಾದಾ ಅವರಿಗೆ ಊರು ಬಿಡಿಸಿದ್ದು ಪಂಪಾಪತಿ ಎಂದು ನಾನು ಬರೆದರೆ ಅದು ಪೂರ್ತಿ ನಿಜವಾಗುವುದಿಲ್ಲ. ಅದಾದ ಎರಡು ಮೂರು ದಿನಕ್ಕೆ ಮಧ್ಯಾಹ್ನ ಮೀನು ಕೇಳಲೆಂದು ನಾನು ಕ್ಯಾಂಪಿಗೆ ಹೋದೆ. ದುರ್ಗೆಯನ್ನು ಕೂರಿಸಿದ್ದ ಚಪ್ಪರದಡಿ ಹಿರಿಯರೆಲ್ಲ ಸೇರಿದ್ದರು. ಮಾತು ಬಂಗಾಲಿಯಲ್ಲಿ ನಡೆದಿತ್ತು. ನನ್ನನ್ನು ನೋಡಿ ದಾದಾ ಅವರ ಅಕ್ಕನ ಮಗ ನಿತಾಯ್ ಕನ್ನಡಕ್ಕೆ ತಿರುಗಿದ. ನಾನು ಅವರ ಪರ ಏನಾದರೂ ಹೇಳುತ್ತೇನೆಂದು ಮೊದಲೇ ತಡೆದ.

"ಸರ್, ನೀವು ಏನೂ ಹೇಳಬ್ಯಾಡ್ರಿ. ಮಾಮಾ ದೇವರಂಥಾವ್ರು, ನಮಗ ಗೊತ್ತಿಲ್ಲೇನು? ಆದ್ರ ನಿನ್ನೆ ರೋಡಿನಾಗ ನನ್ನ ಮಗಳನ್ನ ನಿಂದರಿಸಿ, ನಿನ್ನ ಕಾಗದ ತೋರಸು ಅಂದಾರ. ಒಬ್ಬರ ಸಲುವಾಗಿ ಇಡೀ ಕ್ಯಾಂಪಿನ ಕಾಗದ ಕೆದರಿದ್ರ? ನಮ್ಮನ್ನ ಮತ್ತ ಎಲ್ಲಿಗೆ ಒಯ್ದು ಹಾಕ್ತಾರ?"

ಯಾರೂ ಅವನ ಮಾತಿಗೆ ಅಡ್ಡ ಬರಲಿಲ್ಲ. ಎಂಬತ್ತು ದಾಟಿದ ಅಕ್ಕ, ಎಲ್ಲರೂ ದಿದಿ ಎನ್ನುತ್ತಿದ್ದ ಮುದುಕಿ, ಕಂಬಕ್ಕೆ ಒರಗಿ ಕೂತು ಮಗನನ್ನೇ ನೋಡುತ್ತಿದ್ದಳು. ಮಗ ಅವಳ ಕಡೆ ನೋಡಲಿಲ್ಲ.

ದಾದಾ ಎದ್ದು ನಿಂತರು. "ಖರೆ ಐತಿ," ಎಂದರು.

ನನ್ನ ಜೊತೆ ಹೊಂಡದವರೆಗೆ ಬಂದರು. ಡಬ್ಬಿ ತುಂಬ ಮೀನು ಹಿಡಿದುಕೊಟ್ಟರು. "ಮೊದಲ ಸಾರಿ ಓಡಿದಾಗ ಬೆನ್ನು ಹತ್ತಿದವ್ರು ವೈರಿಗಳಿದ್ರು ಸರ್," ಎಂದರು. "ಅವ್ರಿಗೆ ನದಿ ಗೊತ್ತಿರಲಿಲ್ಲ, ನಾ ದಾಟಿ ಬಿಟ್ಟೆ. ಈ ಸಾರಿ ಬೆನ್ನು ಹತ್ತಿದವ್ರಿಗೆ ನಾನೇ ಈಜು ಕಲ್ಸೀನಿ."

ಆ ವಾರವೇ ಹೋದರು. ಒಂದು ಕೈಚೀಲ ಹಿಡಿದು ರಾಯಚೂರಿನ ಬಸ್ಸು ಹತ್ತಿದರೆಂದು ನಿತಾಯ್ ಹೇಳಿದ. ಎಲ್ಲಿಗೆ ಎಂದು ಅವನು ಕೇಳಲಿಲ್ಲವಂತೆ, ಅವರೂ ಹೇಳಲಿಲ್ಲವಂತೆ. ಹುಟ್ಟಿದ ದೇಶಕ್ಕೆ ಹೋಗಿದ್ದರೆ ಮೆರವಣಿಗೆ ಮಾಡುತ್ತಿದ್ದರು, ನಮಗೆ ಫೋನಿನಲ್ಲಿ ಕಾಣುತ್ತಿತ್ತು. ಅಂಥದ್ದೇನೂ ಬರಲಿಲ್ಲ. ಆ ಕ್ಯಾಮೆರಾದ ಯುವಕ ಮರುವರ್ಷ ಮತ್ತೆ ಬಂದು, ಅವರೆಲ್ಲಿ ಎಂದು ನಮ್ಮನ್ನೇ ಕೇಳಿದ.

ಮುಂದಿನ ಹಂಗಾಮಿಗೆ ಕಾಲುವೆಯ ಹಗ್ಗಗಳು ಇರಲಿಲ್ಲ. ಬಿಸಿಲಿಗೆ ಕೊಳೆತವೋ, ದನ ಕಟ್ಟಲು ಯಾರಾದರೂ ಕೊಯ್ದುಕೊಂಡರೋ, ನಾನು ನೋಡಿಲ್ಲ, ಆದ್ದರಿಂದ ಹೇಳುವುದಿಲ್ಲ. ಹೊಂಡವನ್ನು ಮುಚ್ಚಿ ಭತ್ತ ಹಚ್ಚಿದ್ದಾರೆ. ಅದನ್ನು ನೋಡಿದ್ದೇನೆ. ನನಗೆ ಆಮೇಲೆ ಲಿಂಗಸುಗೂರಿಗೆ ವರ್ಗವಾಯಿತು. ಈಗ ಸಿಂಧನೂರಿನಲ್ಲಿ ಈ ಮಾತು ಎತ್ತಿದರೆ, ಹಾಗೇನೂ ಆಗಲಿಲ್ಲ, ಒಬ್ಬ ಮುದುಕ ತನ್ನ ಫ್ಲೆಕ್ಸ್ ತಾನೇ ಬಿಚ್ಚಿಕೊಂಡು ಹೋದ, ಅಷ್ಟೇ ಎನ್ನುತ್ತಾರೆ.

ಆದ್ದರಿಂದ ನೋಡಿದವರ ಹೆಸರು ಬರೆಯುತ್ತೇನೆ. ಔಷಧ ಅಂಗಡಿಯ ಶೆಟ್ಟರು ಬಾಗಿಲಲ್ಲಿ ನಿಂತು ನೋಡಿದರು. ಅವರಿಗೆ ಈಗ ಒಂದು ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ಭಜಿ ಬಂಡಿಯ ಖಾಜಾಬಿ ನೋಡಿದಳು, ಬಂಡಿ ಈಗ ತಹಸೀಲಿ ಕಚೇರಿಯ ಕಡೆ ನಿಲ್ಲುತ್ತದೆ. ಹೂವಿನ ಮೌಲಾಸಾಬ್ ಅಲ್ಲೇ ಇದ್ದಾನೆ, ಅದೇ ಏಣಿ ಇಟ್ಟುಕೊಂಡಿದ್ದಾನೆ. ಕನ್ನಡಕದ ತರುಣನ ಹೆಸರು ನನಗೆ ಗೊತ್ತಿಲ್ಲ, ಮಸ್ಕಿಯ ಸಂತೆಯಲ್ಲಿ ಎರಡು ಸಲ ಕಂಡಿದ್ದಾನೆ, ಮದುವೆಯಾಗಿದೆ. ಪಂಪಾಪತಿ ಆರೋಗ್ಯವಾಗಿದ್ದಾನೆ. ದಾರಿಯಲ್ಲಿ ಸಿಕ್ಕರೆ "ಆರಾಮ ಅದೀರೇನ್ರೀ ಸರ್?" ಎನ್ನುತ್ತಾನೆ. ಇವರಲ್ಲಿ ಯಾರನ್ನು ಬೇಕಾದರೂ ಕೇಳಬಹುದು.

ಅಮರೇಶನೂ ಇದ್ದಾನೆ, ತುರ್ವಿಹಾಳದಲ್ಲಿ, ಅದೇ ಪಂಕ್ಚರ್ ಅಂಗಡಿಯಲ್ಲಿ. ಅವನನ್ನು ಮಾತ್ರ ಕೇಳಬೇಡಿ.